ಫ್ರೆಂಚ್ ಕ್ರಿಯಾಪದ: ಕಾಗದದಲ್ಲಿ ಎಷ್ಟು ತುಂಡು, ಬಾಯಲ್ಲಿ ಎಷ್ಟು?

ಬಿಡಿಅಕ್ಷರ:
ಪಾರ್ಲೇ, ಅಂದರೆ ‘ಮಾತಾಡು’. ಇದರ ವರ್ತಮಾನಕಾಲದಲ್ಲಿ ‘ಅವರು ಮಾತಾಡುತ್ತಾರೆ’ ಅನ್ನುವ ರೂಪದ ಕಾಗುಣಿತ ಪಿ-ಎ-ಆರ್-ಎಲ್-ಇ-ಎನ್-ಟಿ. ಪುಸ್ತಕದಲ್ಲಿ ಸಾಲು ಮುಗಿಯುವ ಕಡೆ ಆರ್ ಆದಮೇಲೆ ಅಡ್ಡಗೆರೆ ಹಾಕಿ ಅದನ್ನು ಎರಡು ತುಂಡು ಮಾಡಿದ್ದಾರೆ. ಆಡಿಯೊದಲ್ಲಿ ಕೇಳಿದರೆ ಒಂದೇ ತುಂಡು, ‘ಪಾರ್ಲ್’. ಎರಡರಲ್ಲಿ ಯಾವುದನ್ನು ನಂಬಬೇಕು? ಇನ್ನೊಂದು ಪ್ರಶ್ನೆ. ‘ಕರೆ’ ಅನ್ನುವ ಆಪ್ಲೇ ಪದಕ್ಕೆ ಕೆಲವು ರೂಪಗಳಲ್ಲಿ ಒಂದು ಎಲ್, ಕೆಲವು ರೂಪಗಳಲ್ಲಿ ಎರಡು. ಇದನ್ನು ಬಾಯಿಪಾಠ ಮಾಡುವುದೊಂದೇ ದಾರಿಯೇ, ಇಲ್ಲಾ ಕಾರಣ ಇದೆಯೇ?

ಉಲಿಗಾರ:
ಎರಡೂ ಸರಿ. ಅವು ಎರಡು ಬೇರೆ ಲೆಕ್ಕಗಳು. ಸಾಲಿನ ಕೊನೆಯಲ್ಲಿ ಒಡೆಯುವುದು ಅಚ್ಚುಮನೆಯ ಲೆಕ್ಕ. ಅಲ್ಲಿ ಬರೆದ ಸ್ವರಾಕ್ಷರಗಳನ್ನೆಲ್ಲ ಎಣಿಸುತ್ತಾರೆ, ಉಲಿಯದ ಇ ಕೂಡ ಎಣಿಕೆಗೆ ಬರುತ್ತದೆ. ಬಾಯಿಯ ಲೆಕ್ಕದಲ್ಲಿ ಕಿವಿಗೆ ಬಿದ್ದ ಸ್ವರ ಮಾತ್ರ ಲೆಕ್ಕ. ಉಚ್ಚಾರಣೆ ಕಲಿಯುವವರು ಅಚ್ಚಿನ ಅಡ್ಡಗೆರೆಯನ್ನು ಮರೆತುಬಿಡಬೇಕು.

ಮುಂದೆ ಗೊಂದಲ ಆಗದಿರಲೆಂದು ಬರೆಯುವ ಕ್ರಮವನ್ನು ಮೊದಲೇ ಹೇಳುತ್ತೇನೆ. ಫ್ರೆಂಚಿನ ‘ಆ’ವನ್ನು ಯಾವಾಗಲೂ ದೀರ್ಘವಾಗಿ ಬರೆಯುತ್ತೇನೆ. ತಲಕಟ್ಟು ಮಾತ್ರ ಇರುವ ಅಕ್ಷರ (ಲ, ನ, ಫ) ಕಂಡರೆ ಅದು ಅರೆಸ್ವರ: ತುಟಿ ಸ್ವಲ್ಪ ದುಂಡಗೆ, ಸ್ವರ ಬಹಳ ಸಣ್ಣ. ತೆರೆದ ಬಾಯಿಯ ಸ್ವರಕ್ಕೆ ಹ್ರಸ್ವ ‘ಎ’, ಬಿಗಿದ ಸ್ವರಕ್ಕೆ ದೀರ್ಘ ‘ಏ’. ಜ಼ ಅಂದರೆ ಸೀಳಿ ಬರುವ ಜ, ಝ಼ ಅಂದರೆ ಶ-ಕಾರಕ್ಕೆ ಗಂಟಲ ನಾದ ಸೇರಿಸಿದ್ದು. ಅಕ್ಷರಗಳ ಹೆಸರು ಇಂಗ್ಲಿಷಿನಲ್ಲಿ ಹೇಳುವಂತೆ.

ಈಗ ಕೆಲಸ. ಮೊದಲು ಪದದ ಬಾಲ ನೋಡಿ. ಇ, ಇ-ಎಸ್, ಇ-ಎನ್-ಟಿ ಈ ಮೂರು ಕ್ರಿಯಾಬಾಲಗಳು ಉಲಿಯುವುದಿಲ್ಲ, ಪೆನ್ಸಿಲಿನಲ್ಲಿ ಹೊಡೆದುಹಾಕಿ. ಉಳಿದದ್ದರಲ್ಲಿ ಉಲಿಯುವ ಸ್ವರ ಎಷ್ಟಿದೆಯೋ ಅಷ್ಟೇ ಉಚ್ಚಾರಾಂಶ (ಬಾಯಿಯ ತುಂಡು). ಆಮೇಲೆ ಎರಡು ಸ್ವರಗಳ ನಡುವಿನ ವ್ಯಂಜನ ಹಂಚುವುದು. ಒಂದೇ ಇದ್ದರೆ ಅದು ಮುಂದಿನ ಸ್ವರದ್ದು. ಎರಡಿದ್ದರೆ ಒಂದು ಹಿಂದಕ್ಕೆ, ಒಂದು ಮುಂದಕ್ಕೆ. ಆದರೆ ಎರಡನೆಯದು ರ ಅಥವಾ ಲ ಆಗಿ, ಮೊದಲನೆಯದು ಪ ಬ ತ ದ ಕ ಗ ಫ ವ ಆಗಿದ್ದರೆ ಜೋಡಿ ಒಡೆಯುವುದಿಲ್ಲ, ಇಡಿಯಾಗಿ ಮುಂದಕ್ಕೆ ಹೋಗುತ್ತದೆ. ತ-ಲ, ದ-ಲ ಜೋಡಿಗಳಿಗೆ ಮಾತ್ರ ಈ ರಿಯಾಯಿತಿ ಇಲ್ಲ.

ಪಾರ್ಲೇಗೆ ಇದನ್ನು ಹಾಕಿ ನೋಡಿ. ಝ಼ (ನಾನು) ಪಾರ್ಲ್, ತ್ಯು (ನೀನು) ಪಾರ್ಲ್, ಇಲ್ (ಅವನು) ಪಾರ್ಲ್: ಒಂದೊಂದೇ ಉಚ್ಚಾರಾಂಶ. ನು (ನಾವು) ಪಾರ್-ಲೋಂ, ವು (ನೀವು) ಪಾರ್-ಲೇ: ಎರಡೆರಡು. ಬಹುವಚನದ ಇಲ್ (ಅವರು) ಪಾರ್ಲ್ ಮತ್ತೆ ಒಂದು. ಆರು ರೂಪಗಳಲ್ಲಿ ನಾಲ್ಕು ಕಿವಿಗೆ ಒಂದೇ. ‘ಮಾತಾಡುತ್ತಾನೆ’ಯೋ ‘ಮಾತಾಡುತ್ತಾರೆ’ಯೋ ಎಂಬುದು ಇಲ್ಲಿ ಧ್ವನಿಯಿಂದ ತಿಳಿಯುವುದಿಲ್ಲ, ಸಂದರ್ಭದಿಂದ ತಿಳಿಯಬೇಕು.

ಸಂಧಿಪ್ರಿಯೆ:
ಉಲಿಗಾರ ಅವರ ಕ್ರಮಕ್ಕೆ ಕನ್ನಡಿಗರ ಕಡೆಯಿಂದ ಮೂರು ಎಚ್ಚರಿಕೆ ಸೇರಿಸುತ್ತೇನೆ. ತರಗತಿಯಲ್ಲಿ ಹೆಚ್ಚಿನ ತಪ್ಪು ಇಲ್ಲೇ ಆಗುವುದು.

ಮೊದಲನೆಯದು ಒತ್ತಕ್ಷರ. ‘ಪಾರ್ಲೋಂ’ ಅಂತ ಬರೆದಾಗ ಕಣ್ಣು ‘ಪಾ’ ಮತ್ತು ‘ರ್ಲೋಂ’ ಎಂದು ಒಡೆಯುತ್ತದೆ, ಏಕೆಂದರೆ ನಮ್ಮ ಲಿಪಿ ವ್ಯಂಜನಗಳನ್ನು ಮುಂದಿನ ಸ್ವರಕ್ಕೆ ಕಟ್ಟುತ್ತದೆ. ಕಿವಿ ಹಾಗೆ ಒಡೆಯುವುದಿಲ್ಲ. ಛಂದಸ್ಸಿನಲ್ಲಿ ಒತ್ತಕ್ಷರದ ಹಿಂದಿನ ಅಕ್ಷರ ಗುರು ಎಂದು ಕಲಿತಿದ್ದೇವಲ್ಲ, ಆ ಪ್ರಸ್ತಾರ ಹಾಕುವ ಕಿವಿಯನ್ನೇ ಇಲ್ಲಿ ತನ್ನಿ: ಪಾರ್ ಮುಚ್ಚಿತು, ಲೋಂ ಶುರುವಾಯಿತು. ಒಂದು ವ್ಯತ್ಯಾಸ ನೆನಪಿರಲಿ. ನಾವು ‘ಪತ್ರ’ವನ್ನು ಪತ್-ರ ಎಂದು ಒಡೆದು ಮೊದಲನೆಯದನ್ನು ಗುರು ಮಾಡುತ್ತೇವೆ. ಫ್ರೆಂಚಿನವರು ತ್ರ ಒಡೆಯುವುದಿಲ್ಲ. ‘ತೋರಿಸು’ ಅನ್ನುವ ಪದ ಮೋಂ-ತ್ರೇ.

ಎರಡನೆಯದು ಸೊನ್ನೆ. ಕನ್ನಡದ ಅನುಸ್ವಾರ ಮುಂದಿನ ವ್ಯಂಜನಕ್ಕೆ ತಕ್ಕಂತೆ ಬದಲಾಗುತ್ತದೆ: ಅಂಗಡಿಯಲ್ಲಿ ಙ, ಅಂದದಲ್ಲಿ ನ, ಅಂಬಲಿಯಲ್ಲಿ ಮ. ಇಲ್ಲಿ ಬರೆದಿರುವ ಸೊನ್ನೆ ಹಾಗಲ್ಲ, ಅದು ವ್ಯಂಜನವೇ ಅಲ್ಲ. ‘ಹಾಡು’ ಪದದ ಶಾಂ-ತೇ ಹೇಳುವಾಗ ‘ಶಾಂತಿ’ಯ ನ ಕೇಳಿಸಿದರೆ ತಪ್ಪು. ಪರೀಕ್ಷೆ ಸುಲಭ: ‘ಶಾಂ’ ಹೇಳಿ ಹಾಗೇ ನಿಲ್ಲಿ. ನಾಲಿಗೆಯ ತುದಿ ಮೇಲೆ ತಾಗಿರಬಾರದು, ತುಟಿ ಮುಚ್ಚಿರಬಾರದು, ಉಸಿರು ಮೂಗಿನಿಂದಲೂ ಬಾಯಿಯಿಂದಲೂ ಬರುತ್ತಿರಬೇಕು.

ಮೂರನೆಯದು ಕೊನೆಯ ಉ. ಬಸ್ ಅನ್ನು ಬಸ್ಸು, ಕಾರ್ ಅನ್ನು ಕಾರು ಮಾಡುವ ನಾಲಿಗೆ ಪಾರ್ಲ್ ಅನ್ನು ‘ಪಾರ್ಲು’ ಮಾಡುತ್ತದೆ, ಒಂದು ಉಚ್ಚಾರಾಂಶ ಜಾಸ್ತಿಯಾಗುತ್ತದೆ. ವ್ಯಂಜನ ಪೂರ್ತಿ ಉಲಿಯಬೇಕು, ಆದರೆ ಆಮೇಲೆ ಗಂಟಲು ಸುಮ್ಮನಾಗಬೇಕು. ಗಂಟಲ ಮೇಲೆ ಬೆರಳಿಟ್ಟು ನೋಡಿದರೆ ಲ-ಕಾರ ಮುಗಿದ ಕ್ಷಣವೇ ನಡುಕ ನಿಲ್ಲಬೇಕು.

ಬಿಡಿಅಕ್ಷರ:
ತುಂಬ ಉಪಕಾರ ಮೇಡಂ. ಹಾಗಾದರೆ ಕ್ರಿಯಾಪದದ ಕೊನೆಯಲ್ಲಿ ಇ-ಎನ್-ಟಿ ಬಂದರೆ ಯಾವಾಗಲೂ ಹೊಡೆದುಹಾಕಬಹುದೇ? ‘ಅವನು ಬರುತ್ತಾನೆ’ ಅನ್ನುವುದಕ್ಕೂ ಅದೇ ಬಾಲ ಇದೆ, ಆದರೆ ಆಡಿಯೊದಲ್ಲಿ ‘ವ್ಯೆಂ’ ಅಂತ ಕೇಳುತ್ತಿದೆ.

ಉಲಿಗಾರ:
ಹೊಡೆಯುವ ಮೊದಲು ಕರ್ತೃ ಯಾರು ಅಂತ ಕೇಳಿ. ಬಹುವಚನದ ಇಲ್, ಎಲ್ (ಸ್ತ್ರೀಲಿಂಗದ ‘ಅವರು’) ಅಥವಾ ಬಹುವಚನದ ನಾಮಪದ ಕರ್ತೃವಾಗಿದ್ದರೆ ಮಾತ್ರ ಅದು ಬಹುವಚನದ ಬಾಲ, ಹೊಡೆಯಿರಿ. ಕರ್ತೃ ಏಕವಚನವಾಗಿದ್ದರೆ ಅಲ್ಲಿರುವ ಇ-ಎನ್ ಧಾತುವಿನದು, ಟಿ ಮಾತ್ರ ಬಾಲ. ವನಿರ್ (ಬಾ), ತನಿರ್ (ಹಿಡಿದುಕೊ), ಸಾಂತಿರ್ (ಅನಿಸು), ಮಾಂತಿರ್ (ಸುಳ್ಳು ಹೇಳು) ಈ ಗುಂಪಿನವು: ಇಲ್ ವ್ಯೆಂ, ಇಲ್ ತ್ಯೆಂ, ಇಲ್ ಸಾಂ, ಇಲ್ ಮಾಂ. ಸ್ವರ ಮೂಗಿನಲ್ಲಿ ಉಲಿಯುತ್ತದೆ, ಕೊನೆಯ ಟಿ ಉಲಿಯುವುದಿಲ್ಲ.

ಇದನ್ನು ಕಣ್ಣಿಗೆ ಕಟ್ಟುವಂತೆ ತೋರಿಸುವ ಜೋಡಿಗಳಿವೆ. ಒಂದೇ ಕಾಗುಣಿತ, ಉಚ್ಚಾರ ಎರಡು. ‘ಅಧ್ಯಕ್ಷ’ ಎಂಬ ನಾಮಪದ ಪ್ರೇ-ಜ಼ಿ-ದಾಂ, ಮೂರು. ‘ಅವರು ಅಧ್ಯಕ್ಷತೆ ವಹಿಸುತ್ತಾರೆ’ ಎಂಬ ಕ್ರಿಯಾಪದ ಪ್ರೇ-ಜ಼ಿದ್, ಎರಡು. ‘ಸನ್ಯಾಸಿನಿಯರ ಮಠ’ ಕು-ವಾಂ, ‘ಕಾವು ಕೊಡುತ್ತವೆ’ ಬರೀ ಕುವ್. ಇನ್ನೊಂದು ಸೂಕ್ಷ್ಮ ಜೋಡಿ: ಏಕವಚನದಲ್ಲಿ ‘ಅದು ತಕ್ಕದ್ದು’ ಎಂದರೆ ಇಲ್ ಕೋಂ-ವ್ಯೆಂ, ಬಹುವಚನದಲ್ಲಿ ‘ಅವರು ಆಹ್ವಾನಿಸುತ್ತಾರೆ’ ಎಂದರೆ ಇಲ್ ಕೋಂ-ವಿ. ಎರಡರ ಕಾಗುಣಿತದಲ್ಲಿ ಒಂದಕ್ಷರವೂ ಬೇರೆಯಿಲ್ಲ.

ಎ-ಐ-ಇ-ಎನ್-ಟಿ ಬಾಲವನ್ನೂ ಇಲ್ಲೇ ಮುಗಿಸೋಣ. ಇದು ಭೂತಕಾಲದ ಎಂಪಾರ್ಫೆಯದು (‘-ಉತ್ತಿದ್ದ’ ಎನ್ನುವ ರೂಪ). ಇ-ಎನ್-ಟಿ ಹೊಡೆದರೆ ಎ-ಐ ಉಳಿಯುತ್ತದೆ, ಅದು ತೆರೆದ ಎ. ಹಾಗಾಗಿ ‘ಅವನು ಮಾತಾಡುತ್ತಿದ್ದ’, ‘ಅವರು ಮಾತಾಡುತ್ತಿದ್ದರು’ ಎರಡೂ ಪಾರ್-ಲೆ. ಕೊನೆಯಲ್ಲಿ ಐದಕ್ಷರ ಕಂಡು ಗಾಬರಿಯಾಗಬೇಕಿಲ್ಲ, ಸ್ವರ ಒಂದೇ.

ನೇತ್ರಾವತಿ_ತೀರ:
ವ್ಯೆಂ ಬಗ್ಗೆ ಒಂದು ಸೇರ್ಪಡೆ. ಎರಡನೇ, ಮೂರನೇ ಗಣದ (ಪಾರ್ಲೇ ಮಾದರಿಗೆ ಸೇರದ) ಹೆಚ್ಚಿನ ಕ್ರಿಯಾಪದಗಳಲ್ಲಿ ಬಹುವಚನ ಕಿವಿಗೆ ಕೇಳಿಸುತ್ತದೆ, ಆದರೆ ಕೇಳಿಸುವುದು ಬಾಲದಲ್ಲಲ್ಲ, ಧಾತುವಿನ ಕೊನೆಯ ವ್ಯಂಜನದಲ್ಲಿ. ಏಕವಚನದಲ್ಲಿ ಆ ವ್ಯಂಜನ ಸತ್ತಿರುತ್ತದೆ, ಬಹುವಚನದಲ್ಲಿ ಎದ್ದು ಬರುತ್ತದೆ. ಇಲ್ ಫಿ-ನಿ, ಇಲ್ ಫಿ-ನಿಸ್ (ಮುಗಿಸು). ಇಲ್ ದೊರ್, ಇಲ್ ದೊರ್ಮ್ (ನಿದ್ರಿಸು). ಇಲ್ ಮೆ, ಇಲ್ ಮೆತ್ (ಇಡು). ಇಲ್ ಲಿ, ಇಲ್ ಲಿಜ಼್ (ಪುಸ್ತಕ ಓದು). ಇಲ್ ದ್ವಾ, ಇಲ್ ದ್ವಾವ್ (ಮಾಡಲೇಬೇಕು).

ವ್ಯೆಂ ಮತ್ತು ವ್ಯೆನ್ (ಬಾ), ಪ್ರಾಂ ಮತ್ತು ಪ್ರೆನ್ (ತೆಗೆದುಕೊ) ಕೂಡ ಇದೇ ಕಥೆ. ಬಹುವಚನದಲ್ಲಿ ನ-ಕಾರ ನಿಜವಾದ ವ್ಯಂಜನವಾಗಿ ಉಲಿಯುತ್ತದೆ, ಆಗ ಅದರ ಹಿಂದಿನ ಸ್ವರ ಮೂಗು ಬಿಟ್ಟು ಬಾಯಿಗೆ ಬರುತ್ತದೆ. ಸ್ವರವೂ ಮೂಗಿನದು, ಮೇಲೆ ನ-ಕಾರವೂ ಉಂಟು ಅನ್ನುವ ಹಾಗೆ ಎರಡನ್ನೂ ಹೇಳಿದರೆ ಕೇಳುವವರಿಗೆ ಏಕವಚನವೋ ಬಹುವಚನವೋ ತಿಳಿಯುವುದಿಲ್ಲ. ಡೆಲ್ಫ್ ಎಂಬ ಫ್ರೆಂಚ್ ಭಾಷಾ ಪರೀಕ್ಷೆಗೆ ಕೂರುವವರು ಪ್ರಾಂ, ಪ್ರೆನ್, ಪ್ರ-ನೋಂ ಈ ಮೂರನ್ನು ಕಿವಿಯಿಂದ ಬೇರೆ ಮಾಡುವವರೆಗೆ ಬಿಡಬಾರದು.

ಇನ್ನು ಆಪ್ಲೇ ಪ್ರಶ್ನೆ. ಇದಕ್ಕೆ ಕಾರಣ ಇದೆ, ಮತ್ತು ಆ ಕಾರಣ ಉಚ್ಚಾರಾಂಶವೇ. ಅರೆಸ್ವರ ಮುಚ್ಚಿದ (ವ್ಯಂಜನದಲ್ಲಿ ಮುಗಿಯುವ) ಉಚ್ಚಾರಾಂಶದಲ್ಲಿ ನಿಲ್ಲಲಾರದು. ‘ನಾವು ಕರೆಯುತ್ತೇವೆ’ಯಲ್ಲಿ ಲ-ಕಾರ ಮುಂದಿನ ಓಂ ಜೊತೆ ಹೋಗುತ್ತದೆ, ಹಿಂದಿನದು ತೆರೆದೇ ಉಳಿಯುತ್ತದೆ, ಅರೆಸ್ವರ ಅಲ್ಲಿ ಇರಬಹುದು ಅಥವಾ ಬಿದ್ದುಹೋಗಬಹುದು: ಆ-ಪ್ಲೋಂ. ‘ನಾನು ಕರೆಯುತ್ತೇನೆ’ಯಲ್ಲಿ ಬಾಲದ ಇ ಉಲಿಯುವುದಿಲ್ಲ, ಲ-ಕಾರಕ್ಕೆ ಮುಂದೆ ಸ್ವರವೇ ಇಲ್ಲ, ಅದು ಹಿಂದಕ್ಕೆ ಸೇರಿ ಉಚ್ಚಾರಾಂಶ ಮುಚ್ಚುತ್ತದೆ. ಮುಚ್ಚಿದ ಮೇಲೆ ಅರೆಸ್ವರ ತೆರೆದ ಎ ಆಗಲೇಬೇಕು: ಝ಼ಾ-ಪೆಲ್. ಈ ತೆರೆದ ಎ-ಯನ್ನು ಬರವಣಿಗೆಯಲ್ಲಿ ತೋರಿಸಲು ಫ್ರೆಂಚಿನಲ್ಲಿ ಎರಡು ಉಪಾಯ: ವ್ಯಂಜನ ಇಮ್ಮಡಿ ಮಾಡುವುದು, ಇಲ್ಲವೇ ಇ ಮೇಲೆ ಎಡದಿಂದ ಬಲಕ್ಕೆ ಇಳಿಯುವ ಗೆರೆ ಹಾಕುವುದು. ಆಪ್ಲೇ, ಝ಼ತೇ (ಎಸೆ) ಇವಕ್ಕೆ ಇಮ್ಮಡಿ: ಆ-ಪೆಲ್, ಝ಼ೆತ್. ಆಶ್ತೇ (ಕೊಳ್ಳು), ಮನೇ (ಕರೆದೊಯ್ಯಿ), ಲವೇ (ಎತ್ತು) ಇವಕ್ಕೆ ಗೆರೆ: ಆ-ಶೆತ್, ಮೆನ್, ಲೆವ್. ಧ್ವನಿ ಒಂದೇ, ಉಪಾಯ ಎರಡು.

1990ರ ಡಿಸೆಂಬರ್ 6ರಂದು ಫ್ರಾನ್ಸಿನ ಅಧಿಕೃತ ಗೆಜೆಟಿನಲ್ಲಿ ಪ್ರಕಟವಾದ ಕಾಗುಣಿತ ಪರಿಷ್ಕರಣೆ ಇದನ್ನು ಸರಳ ಮಾಡಿತು. ಆಪ್ಲೇ, ಝ಼ತೇ ಮತ್ತು ಅವುಗಳ ಬಳಗ ಬಿಟ್ಟು ಈ ಮಾದರಿಯ ಉಳಿದವಕ್ಕೆಲ್ಲ ಇಳಿಗೆರೆಯೇ ಸಾಕು ಎಂದಿತು. ಹಳೆಯ ರೂಪಗಳೂ ತಪ್ಪಲ್ಲ, ಎರಡೂ ಬಳಕೆಯಲ್ಲಿವೆ. ಅದೇ ಪರಿಷ್ಕರಣೆ ಸೇದೇ (ಬಿಟ್ಟುಕೊಡು) ಮಾದರಿಯ ಭವಿಷ್ಯತ್ಕಾಲವನ್ನೂ ಮುಟ್ಟಿತು. ಅಲ್ಲಿ ಏರುಗೆರೆ ಬರೆದು ‘ಸೆದ್-ರಾ’ ಎಂದು ತೆರೆದ ಎ ಉಲಿಯುತ್ತಿದ್ದರು. ಹೊಸ ಕ್ರಮದಲ್ಲಿ ಇಳಿಗೆರೆ, ಉಲಿದಂತೆ ಬರಹ.

ಸಂಧಿಪ್ರಿಯೆ:
ಇಮ್ಮಡಿ ಅಕ್ಷರ ಬಂತಲ್ಲ, ಇಲ್ಲಿ ನಿಲ್ಲಲೇಬೇಕು. ನಮಗೆ ಕತೆ ಬೇರೆ, ಕತ್ತೆ ಬೇರೆ. ಹಳಿ ಬೇರೆ, ಹಳ್ಳಿ ಬೇರೆ. ಹಾಗಾಗಿ ಎರಡು ಅಕ್ಷರ ಕಂಡರೆ ಒತ್ತಿ ಹೇಳಿಬಿಡುತ್ತೇವೆ, ‘ಆಪ್ಪೆಲ್ಲ್’, ‘ಕೊಮ್ಮಾಂಸ್’ ಅಂತ. ಫ್ರೆಂಚಿನಲ್ಲಿ ಅಚ್ಚಿನವರು ಇಮ್ಮಡಿಯನ್ನು ನಡುವೆ ಸೀಳುತ್ತಾರೆ, ಬಾಯಿ ಮಾತ್ರ ಒಂದೇ ವ್ಯಂಜನ ಹೇಳುತ್ತದೆ: ಕೊ-ಮಾಂಸ್ (ಶುರುಮಾಡು).

ಇಮ್ಮಡಿ ನಿಜವಾಗಿ ಕೇಳಿಸುವ ಒಂದು ಜಾಗ ಇದೆ. ಕುರಿರ್ (ಓಡು), ಮುರಿರ್ (ಸಾಯು), ಮತ್ತೆ ಆಕೇರಿರ್ (ಗಳಿಸು) ಬಳಗದ ಭವಿಷ್ಯತ್ತು ಮತ್ತು ಷರತ್ತಿನ ರೂಪ. ‘ಓಡುತ್ತಿದ್ದೆ’ ಕು-ರೆ, ‘ಓಡುತ್ತಿದ್ದೆನೇನೋ’ ಕುರ್-ರೆ. ಇಲ್ಲಿ ರ-ಕಾರ ಒತ್ತಿ ಹಿಡಿಯದಿದ್ದರೆ ಕಾಲವೇ ಬದಲಾಗುತ್ತದೆ, ಕನ್ನಡದ ನಾಲಿಗೆಗೆ ಇದು ಸಲೀಸು. ಆದರೆ ‘ನೋಡುವೆ’, ‘ನನ್ನ ಕೈಲಾಗುವುದು’ ರೂಪಗಳಲ್ಲೂ ಎರಡು ಆರ್ ಇವೆ, ಅಲ್ಲಿ ಒತ್ತು ಬೇಡ: ವೆ-ರೇ, ಪು-ರೇ.

ಕೆಂಪುಗೆರೆ:
ಭವಿಷ್ಯತ್ಕಾಲದ ಅರೆಸ್ವರದ ಬಗ್ಗೆ ನನ್ನ ಅಭಿಪ್ರಾಯ: ಕಲಿಯುವವರು ಎಲ್ಲ ಕಡೆ ಉಲಿದರೆ ಒಳ್ಳೆಯದು. ಶಾಂ-ತ-ರೇ (ಹಾಡುವೆ), ದೊ-ನ-ರೇ (ಕೊಡುವೆ), ಪಾರ್-ಲ-ರೇ (ಮಾತಾಡುವೆ). ಯಾರಿಗೂ ಅರ್ಥವಾಗದೆ ಇರುವುದಿಲ್ಲ. ದಕ್ಷಿಣ ಫ್ರಾನ್ಸಿನಲ್ಲಿ, ಮಾರ್ಸೇಯ್, ತುಲೂಜ಼್ ಕಡೆ, ಪಾರ್ಲ್ ಅನ್ನುವುದನ್ನೇ ಪಾರ್-ಲ ಅಂತ ಎರಡಾಗಿ ಹೇಳುವವರಿದ್ದಾರೆ.

ಸಂಧಿಪ್ರಿಯೆ:
ಹೇಳುವುದಕ್ಕೆ ಅಡ್ಡಿಯಿಲ್ಲ ಕೆಂಪುಗೆರೆ ಅವರೇ, ಕೇಳುವುದಕ್ಕೆ ಅಡ್ಡಿ. ಬೀಳಿಸುವ ನಿಯಮ ಗೊತ್ತಿಲ್ಲದವರಿಗೆ ‘ದೊನ್-ರೇ’ ಕಿವಿಗೆ ಬಿದ್ದಾಗ ಯಾವ ಕ್ರಿಯಾಪದವೆಂದೇ ಹೊಳೆಯುವುದಿಲ್ಲ. ಕನ್ನಡ ಕಲಿಯುವವರು ‘ಮಾಡುತ್ತೇನೆ’ ಎಂದು ಬರೆದದ್ದನ್ನು ಓದಿ ಅಭ್ಯಾಸ ಮಾಡಿ, ಬೀದಿಯಲ್ಲಿ ‘ಮಾಡ್ತೀನಿ’ ಕೇಳಿ ತಬ್ಬಿಬ್ಬಾಗುತ್ತಾರಲ್ಲ, ಹಾಗೆ. ಬರುತ್ತಾನೆಯ ಉ ಬಿದ್ದು ಬರ್ತಾನೆ ಆಗುವುದೂ ದೊ-ನ-ರೇ ದೊನ್-ರೇ ಆಗುವುದೂ ಒಂದೇ ಬಗೆಯ ಕೆಲಸ.

ನಿಯಮ ಕಷ್ಟದ್ದಲ್ಲ. ಮೋರಿಸ್ ಗ್ರಾಮೋಂ ಎಂಬ ಭಾಷಾವಿಜ್ಞಾನಿ ಇದನ್ನು ಮೂರು ವ್ಯಂಜನಗಳ ನಿಯಮ ಎಂದು ಹೇಳಿದರು: ಅರೆಸ್ವರ ಬಿದ್ದರೆ ಮೂರು ವ್ಯಂಜನ ಒಟ್ಟಿಗೆ ಬರುವಂತಿದ್ದರೆ ಅದು ಬೀಳುವುದಿಲ್ಲ. ಕ್ರಿಯಾಪದಕ್ಕೆ ಹೀಗೆ ಬಳಸಿ: ಅರೆಸ್ವರದ ಹಿಂದೆ ಉಲಿಯುವ ವ್ಯಂಜನ ಒಂದೇ ಇದ್ದರೆ ಬೀಳಿಸಬಹುದು, ಎರಡಿದ್ದರೆ ಉಳಿಸಿ. ದೊನ್-ರೇಯಲ್ಲಿ ನ ಒಂದೇ, ಬಿತ್ತು. ಪಾರ್-ಲ-ರೇಯಲ್ಲಿ ರ ಮತ್ತು ಲ, ಉಳಿಯಿತು. ಮೋಂ-ತ್ರ-ರೇಯಲ್ಲಿ ತ ಮತ್ತು ರ, ಉಳಿಯಿತು. ರೆಸ್-ತ-ರೇ (ಉಳಿಯುವೆ), ಸ ಮತ್ತು ತ, ಉಳಿಯಿತು. ಶಾಂ-ತ್ರೇಯಲ್ಲಿ ಎನ್ ಮತ್ತು ಟಿ ಎರಡಿವೆಯಲ್ಲ ಅಂತ ಹಲವರು ಕೇಳುತ್ತಾರೆ. ಆ ಎನ್ ಕಾಗದದ ಮೇಲಿದೆ, ಬಾಯಲ್ಲಿಲ್ಲ, ಅದು ಸ್ವರವನ್ನು ಮೂಗಿಗೆ ಕಳಿಸಿ ಮುಗಿದಿದೆ. ಎಣಿಕೆಗೆ ತ ಒಂದೇ, ಹಾಗಾಗಿ ಅರೆಸ್ವರ ಬೀಳುತ್ತದೆ.

ಇದಕ್ಕೆ ಒಂದು ತಡೆ ಇದೆ. ಷರತ್ತಿನ ರೂಪದ ನು, ವು ಬಾಲಗಳಲ್ಲಿ ರ ಆದಮೇಲೆ ಯ-ಕಾರ ಬರುತ್ತದೆ. ಅಲ್ಲಿ ಹಿಂದೆ ಒಂದೇ ವ್ಯಂಜನ ಇದ್ದರೂ ಅರೆಸ್ವರ ಬೀಳುವುದಿಲ್ಲ: ದೊ-ನ-ರ್ಯೋಂ, ಎ-ಮ-ರ್ಯೇ. ‘ದೊನ್-ರ್ಯೋಂ’ ಅಂತ ನೀವೇ ಹೇಳಿ ನೋಡಿ, ನ-ರ-ಯ ಮೂರೂ ಗುದ್ದಾಡುತ್ತವೆ.

ಉಲಿಗಾರ:
ಅರೆಸ್ವರ ಕಾಗುಣಿತದಲ್ಲೇ ಅಡಗಿ ಕುಳಿತಿರುವ ಒಂದು ಕ್ರಿಯಾಪದವನ್ನು ಬಿಡುವ ಹಾಗಿಲ್ಲ: ಫೆರ್, ‘ಮಾಡು’. ಎ-ಐ ಅಂದರೆ ತೆರೆದ ಎ ಅನ್ನುವುದು ಸಾಮಾನ್ಯ ನಿಯಮ, ‘ಮಾಡುತ್ತಾನೆ’ ಫೆ, ‘ನೀವು ಮಾಡುತ್ತೀರಿ’ ಫೆತ್. ಆದರೆ ಮುಂದೆ ಸ್ವರಬಾಲ ಬಂದು ಎಸ್ ಅಕ್ಷರ ಜ಼ ಆದ ಕೂಡಲೇ ಆ ಎ-ಐ ಅರೆಸ್ವರವಾಗುತ್ತದೆ. ನು ಫ-ಜ಼ೋಂ, ಝ಼ ಫ-ಜ಼ೆ, ಆಂ ಫ-ಜ಼ಾಂ. ‘ಫೆಜ಼ೋಂ’ ಎನ್ನುವುದು ಬಹಳ ಕೇಳಿಬರುವ ತಪ್ಪು. ವೇಗದ ಮಾತಿನಲ್ಲಿ ನು-ಫ-ಜ಼ೋಂ ಇನ್ನೂ ಕುಗ್ಗಿ ನುಫ್-ಜ಼ೋಂ, ನು-ವ-ನೋಂ ಕುಗ್ಗಿ ನುವ್-ನೋಂ. ಪ್ರ-ನೋಂ ಮಾತ್ರ ಕುಗ್ಗುವುದಿಲ್ಲ, ಹಿಂದೆ ಪ ಮತ್ತು ರ ಎರಡಿವೆ.

ಯ-ಕಾರದ ಬಗ್ಗೆಯೂ ಒಂದು ಮಾತು. ಐ-ಓ-ಎನ್-ಎಸ್, ಐ-ಇ-ಝಡ್ ಬಾಲಗಳ ಐ ಸಾಮಾನ್ಯವಾಗಿ ಯ ಆಗಿ ಒಂದೇ ಉಚ್ಚಾರಾಂಶದಲ್ಲಿ ಸೇರುತ್ತದೆ: ಶಾಂ-ತ್ಯೋಂ, ಪಾರ್-ಲ್ಯೇ. ಅದರ ಹಿಂದೆ ಒಡೆಯದ ಜೋಡಿ (ತ್ರ, ದ್ರ, ಬ್ಲ, ಕ್ರ ಇತ್ಯಾದಿ) ಇದ್ದರೆ ಐ ಪೂರ್ತಿ ಸ್ವರವಾಗಿ ನಿಂತು, ಆಮೇಲೆ ಯ ಹುಟ್ಟುತ್ತದೆ: ಮೋಂ-ತ್ರಿ-ಯೋಂ, ವು-ದ್ರಿ-ಯೇ. ಧಾತುವಿನಲ್ಲೇ ಐ ಇರುವವಕ್ಕೂ ಇದೇ ಅಳತೆ. ‘ಓದು’ ಅನ್ನುವ ಏ-ತ್ಯು-ದ್ಯೇ ಮೂರು, ‘ಮರೆ’ ಅನ್ನುವ ಉ-ಬ್ಲಿ-ಯೇ ಮೂರು. ಒಂದರಲ್ಲಿ ಐ ಕರಗಿತು, ಇನ್ನೊಂದರಲ್ಲಿ ನಿಂತಿತು.

ಬಿಡಿಅಕ್ಷರ:
ಕರ್ತೃ ಮತ್ತು ಕ್ರಿಯಾಪದ ಸೇರುವಾಗ ಒಡೆಯುವುದು ಹೇಗೆ? ‘ಇಲ್ಲೆಮ್’ ಅಂತ ಕೇಳಿದ ಹಾಗಾಯಿತು.

ಸಂಧಿಪ್ರಿಯೆ:
ಇದಕ್ಕೆ ಶಾಲೆಯ ಸಂಧಿ ಪಾಠವೇ ಸಾಕು. ‘ಅವನು ಪ್ರೀತಿಸುತ್ತಾನೆ’ ಇಲ್ + ಎಮ್, ಲ-ಕಾರ ಮುಂದಿನ ಸ್ವರಕ್ಕೆ ಹೋಗಿ ಇ-ಲೆಮ್. ಒತ್ತಿ ‘ಇಲ್ಲೆಮ್’ ಅನ್ನಬೇಡಿ. ‘ಅವರು ಪ್ರೀತಿಸುತ್ತಾರೆ’ ಆದಾಗ ಸರ್ವನಾಮದ ಸತ್ತ ಎಸ್ ಎದ್ದು ಜ಼ ಆಗುತ್ತದೆ: ಇಲ್-ಜ಼ೆಮ್. ಬಹುವಚನ ಇಲ್ಲಿ ಆ ಜ಼-ಕಾರದಲ್ಲಿ ಮಾತ್ರ ಇದೆ. ‘ಅವರ ಬಳಿ ಇದೆ’ ಇಲ್-ಜ಼ೋಂ, ‘ಅವರು ಇದ್ದಾರೆ’ ಇಲ್-ಸೋಂ. ಜ಼ ಮತ್ತು ಸ ಬೆರೆಸಿದರೆ ಅರ್ಥ ಕೆಟ್ಟಿತು, ಜ಼ ಬದಲು ನಮ್ಮ ಜ ಹಾಕಿದರೂ ಕೇಳುವವರು ತಡವರಿಸುತ್ತಾರೆ.

ಝ಼ + ಎಮ್ = ಝ಼ೆಮ್, ಇದು ಲೋಪ. ‘ಅವನ ಬಳಿ ಇದೆಯೇ’ ಎಂದು ಪ್ರಶ್ನೆ ಕೇಳುವಾಗ ಆ + ಇಲ್ ನಡುವೆ ತ ಬಂದು ಆ-ತಿಲ್, ಇದು ಆಗಮ. ನಮ್ಮ ಯ-ಕಾರ, ವ-ಕಾರ ಮಾಡುವ ಕೆಲಸವನ್ನು ಅಲ್ಲಿ ತ ಮಾಡುತ್ತದೆ. ‘ತೆಗೆದುಕೊಳ್ಳುತ್ತಾನೆಯೇ’ ಪ್ರಾಂ + ಇಲ್, ಬರೆದ ಡಿ ಉಲಿಯುವಾಗ ತ ಆಗಿ ಪ್ರಾಂ-ತಿಲ್, ಇದು ಆದೇಶ. ನಮ್ಮಲ್ಲಿ ತ ಹೋಗಿ ದ ಬರುತ್ತದೆ, ಅಲ್ಲಿ ದ ಹೋಗಿ ತ. ‘ಹೋಗು’ ಎಂಬ ವಾ ಆಜ್ಞಾರೂಪಕ್ಕೆ ಎಸ್ ಇಲ್ಲ, ಆದರೆ ‘ಅಲ್ಲಿಗೆ’ ಸೇರಿದಾಗ ಎಸ್ ಬರೆದು ವಾ-ಜ಼ಿ ಅನ್ನುತ್ತಾರೆ.

ನೇತ್ರಾವತಿ_ತೀರ:
ಪದ್ಯ, ಹಾಡು ಕೇಳುವವರಿಗೆ ಒಂದು ಸಾಲು: ಅಲ್ಲಿ ಲೆಕ್ಕ ಬೇರೆ. ಹನ್ನೆರಡು ಉಚ್ಚಾರಾಂಶದ ಆಲೆಕ್ಸಾಂದ್ರೆಂ ಪಾದದಲ್ಲಿ ಬಾಲದ ಇ ಮುಂದೆ ವ್ಯಂಜನ ಬಂದರೆ ಎಣಿಕೆಗೆ ಸೇರುತ್ತದೆ, ಪಾರ್-ಲ ಎರಡಾಗುತ್ತದೆ. ಮುಂದೆ ಸ್ವರ ಬಂದರೆ ಕೈಬಿಡುತ್ತದೆ, ಪಾದದ ಕೊನೆಯಲ್ಲಿಯೂ ಎಣಿಸುವುದಿಲ್ಲ. ಎಂಪಾರ್ಫೆಯ ಎ-ಐ-ಇ-ಎನ್-ಟಿ ಮಾತ್ರ ಪದ್ಯದಲ್ಲೂ ಒಂದೇ.

ಬಿಡಿಅಕ್ಷರ:
ಆರು ರೂಪ ಒಡೆದಿದ್ದೇನೆ, ದಯವಿಟ್ಟು ತಿದ್ದಿ. ‘ಅವರು ತಿನ್ನುತ್ತಿದ್ದರು’ ಮಾಂ-ಝ಼ೆ. ‘ನೀವು ಮಾಡುತ್ತಿದ್ದಿರಿ’ ಫ-ಜ಼್ಯೇ. ‘ಅವಳು ತೆಗೆದುಕೊಳ್ಳುತ್ತಾಳೆಯೇ’ ಪ್ರಾಂ-ದೆಲ್. ‘ಅವರು ಓಡುವರು’ ಕುರ್-ರೋಂ. ‘ನಾವು ಬಯಸುತ್ತಿದ್ದೆವೇನೋ’ ವು-ದ್ರ್ಯೋಂ. ‘ಅವರು ಕರೆಯುವರು’ ಆ-ಪೆ-ಲ-ರೋಂ.

ಉಲಿಗಾರ:
ಒಂದು, ಎರಡು, ನಾಲ್ಕು ಸರಿ. ಮೊದಲನೆಯದರಲ್ಲಿ ಜಿ ಆದಮೇಲಿನ ಇ ಜಿ-ಯನ್ನು ಮೃದು ಮಾಡಲು ಮಾತ್ರ ಇರುವುದು ಅಂತ ಗುರುತಿಸಿ ಬಿಟ್ಟಿದ್ದೀರಿ, ಹಾಗೇ ಮಾಡಬೇಕು. ಮೂರನೆಯದು ಪ್ರಾಂ-ತೆಲ್, ಡಿ ಇಲ್ಲಿ ತ ಆಗುತ್ತದೆ. ಐದನೆಯದರಲ್ಲಿ ದ್ರ ಒಡೆಯದ ಜೋಡಿ, ಐ ನಿಲ್ಲಬೇಕು: ವು-ದ್ರಿ-ಯೋಂ, ಮೂರು. ಆರನೆಯದರಲ್ಲಿ ಎಲ್ ಎರಡು ಬರೆದಿದ್ದರೂ ಉಲಿಯುವುದು ಒಂದೇ, ಹಿಂದೆ ಒಂದೇ ವ್ಯಂಜನ ಇದ್ದರೆ ಅರೆಸ್ವರ ಬೀಳುತ್ತದೆ, ಲ-ಕಾರ ಹಿಂದಕ್ಕೆ ಸೇರಿ ಉಚ್ಚಾರಾಂಶ ಮುಚ್ಚುತ್ತದೆ, ಅದಕ್ಕೇ ಅಲ್ಲಿ ತೆರೆದ ಎ: ಆ-ಪೆಲ್-ರೋಂ.